ಆಟದ ಮೇಲಿನ ಪ್ರೀತಿಯನ್ನು ಪಗಾರದಲ್ಲಿ ಮುರಿದುಕೊಳ್ಳಬೇಡಿ

"ಮ್ಯಾಚ್ ನೋಡೋದೇ ಕೆಲಸ. ಅದಕ್ಕೂ ಸಂಬಳ ಬೇಕಾ?"

ಕ್ರೀಡಾ ಮಾಧ್ಯಮದಲ್ಲಿ ಕೆಲಸ ಮಾಡುವ ಯಾರನ್ನಾದರೂ ವಿಚಾರಿಸಿ, ಈ ಮಾತನ್ನು ಒಮ್ಮೆಯಾದರೂ ಕೇಳಿಸಿಕೊಂಡಿರುತ್ತಾರೆ. ನೆಂಟರು ಇದನ್ನು ತಮಾಷೆಗೆ ಹೇಳುತ್ತಾರೆ. ಮಾಲೀಕರು ಇದನ್ನೇ ಲೆಕ್ಕದ ಪುಸ್ತಕಕ್ಕೆ ಇಳಿಸುತ್ತಾರೆ. ನಿನಗೆ ಆಟ ಅಂದ್ರೆ ಪ್ರಾಣ ತಾನೇ, ಹಾಗಾದರೆ ಸ್ವಲ್ಪ ಕಡಿಮೆ ತಗೋ. ರಾತ್ರಿ ಪಾಳಿಯೂ ನಿನಗೇ ಇರಲಿ, ಹಬ್ಬದ ದಿನವೂ ಬಾ, ಮತ್ತೆ ಕೊರಗಬೇಡ, ನಿನ್ನ ಜಾಗಕ್ಕೆ ಹೊರಗೆ ಸಾವಿರ ಜನ ಸಾಲು ನಿಂತಿದ್ದಾರೆ.

ಇದರ ಬಗ್ಗೆ ಬರೆಯೋಣ ಅಂತ ನಾವು ಬಹಳ ದಿನದಿಂದ ಅಂದುಕೊಂಡಿದ್ದೆವು. ಈ ಬ್ಲಾಗ್ ಓದುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಕಬಡ್ಡಿ ಪೇಜ್, ಕ್ರಿಕೆಟ್ ಪೇಜ್ ನಡೆಸುತ್ತೀರಿ. ಊರಿನ ಟೂರ್ನಮೆಂಟಿಗೆ ಕಾಮೆಂಟರಿ ಹೇಳುತ್ತೀರಿ. "ದೊಡ್ಡ ಸ್ಪೋರ್ಟ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕರೆ ಹೇಗಿರುತ್ತೆ ಸರ್?" ಅಂತ ಕೇಳುತ್ತೀರಿ. ಅದಕ್ಕೆ ಉತ್ತರ ಕೊಡಲು ಅಮೆರಿಕಕ್ಕೆ ಹೋಗಬೇಕು. ಏಕೆಂದರೆ ಈ ಧಂಧೆಯ ದೊಡ್ಡ ಅಂಗಡಿಗಳು ಮೊದಲು ಎದ್ದಿದ್ದು ಅಲ್ಲಿ. ಅಲ್ಲಿ ದುಡಿದವರು ತಮ್ಮ ಅನುಭವವನ್ನು ಪತ್ರಿಕೆಗಳಲ್ಲಿ, ಕೋರ್ಟಿನಲ್ಲಿ ಬಹಿರಂಗವಾಗಿ ಹೇಳಿದ್ದಾರೆ. ಅವರು ಹೇಳಿದ್ದು ನಮ್ಮ ತಾಲ್ಲೂಕಿಗೂ ಅನ್ವಯಿಸುತ್ತದೆ ಅನ್ನುವುದು ನಮ್ಮ ವಾದ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಇಎಸ್‌ಪಿಎನ್ ಹೆಸರು ಕೇಳದವರು ಕಡಿಮೆ. 1979ರ ಸೆಪ್ಟೆಂಬರ್ 7ರಂದು ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್ ಅನ್ನುವ ಸಣ್ಣ ಊರಿನಿಂದ ಶುರುವಾದ ಚಾನೆಲ್ ಅದು. ಇವತ್ತಿಗೂ ಕೇಂದ್ರ ಕಚೇರಿ ಅಲ್ಲೇ. ಹೆಚ್ಚಿನ ಪಾಲು ಡಿಸ್ನಿ ಕಂಪನಿಯ ಕೈಯಲ್ಲಿದೆ. ಅಮೆರಿಕದಲ್ಲಿ ಪತ್ರಿಕೋದ್ಯಮ ಓದಿದ, ಆಟದ ಹುಚ್ಚಿರುವ ಮಕ್ಕಳಿಗೆ ಬ್ರಿಸ್ಟಲ್ ಅಂದರೆ ಹರಕೆ ಹೊತ್ತು ಹೋಗುವ ಕ್ಷೇತ್ರದ ಹಾಗೆ. ಅಲ್ಲಿ ಕೆಳಗಿನ ಮೆಟ್ಟಿಲಿನ ಕೆಲಸವೆಂದರೆ ರಾತ್ರಿಯೆಲ್ಲ ಕೂತು ಮ್ಯಾಚ್ ನೋಡುವುದು, ಯಾವ ನಿಮಿಷದಲ್ಲಿ ಏನಾಯಿತು ಅಂತ ಬರೆದಿಡುವುದು, ಒಂದು ನಿಮಿಷದ ಹೈಲೈಟ್ಸ್ ಕತ್ತರಿಸಿ ಕೊಡುವುದು. ನೀವು ಬೆಳಗ್ಗೆ ಎದ್ದು ಮೊಬೈಲಿನಲ್ಲಿ ಸಿಕ್ಸರ್‌ಗಳನ್ನೆಲ್ಲ ಒಟ್ಟಿಗೆ ನೋಡುತ್ತೀರಲ್ಲ, ಅಂಥದ್ದರ ಹಿಂದೆ ನಿದ್ದೆಗೆಟ್ಟ ಒಬ್ಬ ಮನುಷ್ಯ ಇರುತ್ತಾನೆ.

ಅಲ್ಲಿ ಕೆಲಸಕ್ಕೆ ಇದ್ದವರು ಅದನ್ನು ಪ್ರೀತಿಸಿದ್ದರು. ಅದರಲ್ಲಿ ಅನುಮಾನ ಬೇಡ. ಕೆಲಸ ಕಳೆದುಕೊಂಡ ದಿನವೂ ಕಂಪನಿಗೆ ಧನ್ಯವಾದ ಹೇಳಿ ಹೋದವರು ಬಹಳ ಮಂದಿ. ನಮ್ಮ ತಕರಾರು ಶುರುವಾಗುವುದೂ ಅಲ್ಲೇ.

2015ರ ಅಕ್ಟೋಬರ್‌ನಲ್ಲಿ ಇಎಸ್‌ಪಿಎನ್ ಸುಮಾರು 300 ಜನರನ್ನು ಮನೆಗೆ ಕಳಿಸಿತು. 2017ರ ಏಪ್ರಿಲ್ 26ರಂದು ಸುಮಾರು 100 ಮಂದಿಗೆ, ಅದರಲ್ಲೂ ಟಿವಿಯಲ್ಲಿ ಮುಖ ಕಾಣುವವರಿಗೆ, ಹೆಸರಾಂತ ವರದಿಗಾರರಿಗೆ ಕರೆ ಹೋಯಿತು. ಮಾರನೇ ದಿನ ಅಮೆರಿಕನ್ ಫುಟ್‌ಬಾಲ್‌ನ ಆಟಗಾರರ ಆಯ್ಕೆ ಪ್ರಕ್ರಿಯೆ ಇತ್ತು. ಅಲ್ಲಿ ಅದು ನಮ್ಮ ಐಪಿಎಲ್ ಹರಾಜಿನ ಹಾಗೆ ದೊಡ್ಡ ಸುಗ್ಗಿ. ಎಡ್ ವೆರ್ಡರ್ ಅನ್ನುವ ವರದಿಗಾರ 17 ವರ್ಷ ಆ ಆಟದ ಸುದ್ದಿ ಕೊಟ್ಟವರು. ತಕ್ಷಣದಿಂದಲೇ ತನ್ನನ್ನು ತೆಗೆದಿದ್ದಾರೆ ಅಂತ ಅವರೇ ಟ್ವಿಟರ್‌ನಲ್ಲಿ ತಿಳಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಇನ್ನೂ 150 ಜನ. ಈ ಸಲ ಕ್ಯಾಮೆರಾ ಹಿಂದೆ ಇದ್ದವರು, ಹೆಸರು ಯಾರಿಗೂ ಗೊತ್ತಿಲ್ಲದವರು. 2020ರ ನವೆಂಬರ್‌ನಲ್ಲಿ ಕೊರೊನಾ ಹೊತ್ತಲ್ಲಿ ಮತ್ತೆ 300 ಜನ, ಜೊತೆಗೆ ಖಾಲಿ ಇದ್ದ 200 ಹುದ್ದೆಗಳೂ ಹೋದವು.

ಕಾರಣ ಏನು ಕೊಟ್ಟರು? ಜನ ಕೇಬಲ್ ಬಿಡುತ್ತಿದ್ದಾರೆ, ಆದಾಯ ಕುಸಿಯುತ್ತಿದೆ ಅಂದರು. ಸುಳ್ಳಲ್ಲ. 2011ರ ಹೊತ್ತಿಗೆ 10 ಕೋಟಿ ಮನೆಗಳಲ್ಲಿದ್ದ ಚಾನೆಲ್ 2017ಕ್ಕೆ 9 ಕೋಟಿಗಿಂತ ಕೆಳಗೆ ಇಳಿದಿತ್ತು. ಆದರೆ ಅದೇ ಕಾಲದಲ್ಲಿ ಸೋಮವಾರ ರಾತ್ರಿಯ ಫುಟ್‌ಬಾಲ್ ಪ್ರಸಾರದ ಹಕ್ಕಿಗೆ ಇದೇ ಕಂಪನಿ ವರ್ಷಕ್ಕೆ ಸುಮಾರು 190 ಕೋಟಿ ಡಾಲರ್ ಕೊಡುತ್ತಿತ್ತು. ಮಾಲೀಕರು ಲೀಗ್‌ಗಳ ಜೊತೆ ಹರಾಜಿಗೆ ಬಿದ್ದು ರೇಟು ಏರಿಸಿಕೊಂಡರು. ಗ್ರಾಹಕರು ಕೇಬಲ್ ಕಿತ್ತು ಹಾಕಿದರು. ಈ ಎರಡೂ ತೀರ್ಮಾನದಲ್ಲಿ ಹೈಲೈಟ್ಸ್ ಕತ್ತರಿಸುವ ಹುಡುಗನ ಪಾತ್ರ ಏನೂ ಇಲ್ಲ. ಏಟು ಬಿದ್ದಿದ್ದು ಮಾತ್ರ ಅವನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ನಮ್ಮ ಹಿರಿಯರು ಹೇಳಿದ್ದು ಇಂಥದ್ದಕ್ಕೇ.

2023 ನೋಡಿ. ಫೆಬ್ರವರಿಯಲ್ಲಿ ಡಿಸ್ನಿ ಒಟ್ಟು 7,000 ಕೆಲಸ ಕಡಿತ ಅಂತ ಘೋಷಿಸಿತು. ಮೇ ತಿಂಗಳಲ್ಲಿ ಇಎಸ್‌ಪಿಎನ್ ಹೊಸ ನಿರೂಪಕರೊಬ್ಬರನ್ನು ಕರೆತಂದಿತು. 5 ವರ್ಷಕ್ಕೆ ಸುಮಾರು 8.5 ಕೋಟಿ ಡಾಲರ್ ಒಪ್ಪಂದ ಅಂತ ಅಲ್ಲಿನ ಪತ್ರಿಕೆಗಳು ಬರೆದವು. ಜೂನ್ ಕೊನೆಗೆ ಸುಮಾರು 20 ಮಂದಿ ಹಳೆಯ ಮುಖಗಳಿಗೆ ಬಾಗಿಲು ತೋರಿಸಿದರು. ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದ ಸೂಝಿ ಕೋಲ್ಬರ್ ಅವರಂಥ ನಿರೂಪಕಿ ಅದರಲ್ಲಿ ಇದ್ದರು.

ದುಡ್ಡೇ ಇಲ್ಲದ ಧಂಧೆ ಅಂತ ನಮಗೆ ಹೇಳಬೇಡಿ. 2022ರ ಜೂನ್‌ನಲ್ಲಿ ನಮ್ಮ ಐಪಿಎಲ್‌ನ 5 ವರ್ಷದ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅದರಲ್ಲಿ ಭಾರತದ ಟಿವಿ ಹಕ್ಕಿಗೆ 23,575 ಕೋಟಿ ಕೊಟ್ಟಿದ್ದು ಅದೇ ಡಿಸ್ನಿಯ ಇಲ್ಲಿನ ಕಂಪನಿ. ಆಟ ಕೊಳ್ಳಲು ಸಾವಿರ ಸಾವಿರ ಕೋಟಿ ಇರುತ್ತದೆ. ಆಟದ ಸುದ್ದಿ ಬರೆಯುವವನ ಹತ್ತಿರ ಬಂದಾಗ ಮಾತ್ರ ಕಿಸೆ ತಡಕಾಡುತ್ತಾರೆ.

ಗಂಟೆಗೆ ಒಂದು ಡಾಲರ್

ಇಎಸ್‌ಪಿಎನ್‌ನವರಿಗೆ ಪಗಾರವಾದರೂ ಇತ್ತು. ಅದಕ್ಕಿಂತ ಕೆಳಗೊಂದು ಮೆಟ್ಟಿಲಿದೆ.

ವಾಕ್ಸ್ ಮೀಡಿಯಾ ಅನ್ನುವ ಕಂಪನಿಗೆ ಎಸ್‌ಬಿ ನೇಷನ್ ಅನ್ನುವ ಜಾಲ ಇತ್ತು. 300ಕ್ಕೂ ಹೆಚ್ಚು ವೆಬ್‌ಸೈಟುಗಳು, ಒಂದೊಂದು ತಂಡಕ್ಕೆ ಒಂದೊಂದು. ಬರೆಯುವವರು ಆಯಾ ತಂಡದ ಅಭಿಮಾನಿಗಳು. ಆರ್‌ಸಿಬಿ ಅಭಿಮಾನಿಯೊಬ್ಬ ಆರ್‌ಸಿಬಿ ಬಗ್ಗೆ ದಿನಾ ಬರೆದ ಹಾಗೆ. ಜಾಹೀರಾತು ಕಂಪನಿಗೆ ಬರುತ್ತಿತ್ತು. ಬರೆದವರಿಗೆ "ಸ್ಟೈಪೆಂಡ್" ಅಂತ ಅಷ್ಟಿಷ್ಟು, ಎಷ್ಟೋ ಮಂದಿಗೆ ಅದೂ ಇಲ್ಲ.

2017ರಲ್ಲಿ ಡೆಡ್‌ಸ್ಪಿನ್ ಅನ್ನುವ ಇನ್ನೊಂದು ಕ್ರೀಡಾ ವೆಬ್‌ಸೈಟ್ ಈ ವಿಷಯ ಹೊರಗೆ ತಂದಿತು. ಮುಂದಿನ ತಿಂಗಳೇ ಒಬ್ಬ ಮಹಿಳೆ ಕೋರ್ಟಿಗೆ ಹೋದರು. ಆಕೆ ಐಸ್ ಹಾಕಿ ತಂಡವೊಂದರ ಸೈಟ್ ನೋಡಿಕೊಳ್ಳುತ್ತಿದ್ದವರು. ಬರೆಯುವುದು, ಬೇರೆಯವರು ಬರೆದಿದ್ದನ್ನು ತಿದ್ದುವುದು, ಸೋಷಿಯಲ್ ಮೀಡಿಯಾ ನೋಡುವುದು, ಎಲ್ಲ ಅವರದೇ. ವಾರಕ್ಕೆ 30ರಿಂದ 40 ಗಂಟೆ ಕೆಲಸ, ತಿಂಗಳಿಗೆ 125 ಡಾಲರ್ ಅನ್ನುವುದು ಅವರ ದೂರು.

ಲೆಕ್ಕ ಹಾಕಿ. ವಾರಕ್ಕೆ 30 ಗಂಟೆಯೇ ಅಂದುಕೊಂಡರೂ ತಿಂಗಳಿಗೆ 120 ಗಂಟೆ. ಅಂದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಡಾಲರ್. ಅಮೆರಿಕದ ಕೇಂದ್ರ ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿ ಗಂಟೆಗೆ 7 ಡಾಲರ್ 25 ಸೆಂಟ್. ನಮ್ಮೂರಲ್ಲಿ ನರೇಗಾ ಕೆಲಸಕ್ಕೆ ಹೋದವರಿಗೆ ನಿಗದಿಯಾದ ಕೂಲಿಯ ಏಳನೇ ಒಂದು ಭಾಗ ಕೊಟ್ಟರೆ ಪಂಚಾಯ್ತಿ ಮುಂದೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಇಲ್ಲಿ ಬಹಳ ಕಾಲ ಏನೂ ಆಗಲಿಲ್ಲ. ಏಕೆಂದರೆ ಅದಕ್ಕೆ ಕೂಲಿ ಅಂತ ಹೆಸರೇ ಇಟ್ಟಿರಲಿಲ್ಲ.

ಆಮೇಲೆ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾನೂನು ಮಾಡಿತು. ಒಂದೇ ಸಂಸ್ಥೆಗೆ ವರ್ಷಕ್ಕೆ 35ಕ್ಕಿಂತ ಹೆಚ್ಚು ಬರಹ ಕೊಡುವವರನ್ನು ಉದ್ಯೋಗಿ ಅಂತಲೇ ಪರಿಗಣಿಸಬೇಕು ಅನ್ನುವ ಮಾತು ಅದರಲ್ಲಿತ್ತು. 2020ರ ಜನವರಿ 1ರಿಂದ ಜಾರಿ. ಕಂಪನಿ ಏನು ಮಾಡಿತು ಗೊತ್ತೇ? ಜಾರಿಗೆ ಎರಡು ವಾರ ಮುಂಚೆ, 2019ರ ಡಿಸೆಂಬರ್‌ನಲ್ಲಿ, ಆ ರಾಜ್ಯದ 200ಕ್ಕೂ ಹೆಚ್ಚು ಬರಹಗಾರರ ಜೊತೆಗಿನ ಒಪ್ಪಂದ ಮುಗಿಸುವುದಾಗಿ ಹೇಳಿತು. ಬದಲಿಗೆ 20 ಮಂದಿಯನ್ನು ಕೆಲಸಕ್ಕೆ ತಗೊಳ್ಳುವುದಾಗಿ ತಿಳಿಸಿತು. ಕೂಲಿ ಕೊಡಿ ಅಂದರೆ ಕೂಲಿಯವರನ್ನೇ ಕಳಿಸಿದರು. ಕಾನೂನು ಕೆಟ್ಟದ್ದು ಅಂತ ಆಗ ಬೈದವರಿದ್ದಾರೆ. ಆ ಕಾನೂನನ್ನು ಮುಂದೆ ತಿದ್ದಿದರು ಕೂಡ. ಆದರೆ ನಾವು ಕೇಳುವುದು ಬೇರೆ ಪ್ರಶ್ನೆ. ಸರಿಯಾಗಿ ಕೂಲಿ ಕೊಟ್ಟರೆ ನಿಲ್ಲುವುದಿಲ್ಲ ಅನ್ನುವ ಧಂಧೆ ಅಷ್ಟು ವರ್ಷ ಯಾರ ಬೆನ್ನ ಮೇಲೆ ನಿಂತಿತ್ತು?

ಗೌರವ ಇದೆ, ಧನ ಎಲ್ಲಿ?

ಅವರ "ಸ್ಟೈಪೆಂಡ್" ಪದ ನಮಗೆ ಹೊಸದಲ್ಲ. ನಮ್ಮಲ್ಲಿ ಅದಕ್ಕೆ "ಗೌರವಧನ" ಅಂತಾರೆ. ಆಶಾ ಅಕ್ಕಂದಿರಿಗೆ ಗೌರವಧನ. ಬಿಸಿಯೂಟದ ಅಮ್ಮಂದಿರಿಗೆ ಗೌರವಧನ. ಅತಿಥಿ ಉಪನ್ಯಾಸಕರಿಗೆ ಗೌರವಧನ. ಪಗಾರ ಅಂದರೆ ಹಕ್ಕು ಆಗುತ್ತದೆ. ಗೌರವಧನ ಅಂದರೆ ಅವರು ಕೊಟ್ಟಾಗ ಕೈ ಮುಗಿದು ತಗೋಬೇಕು.

ಈ ಬ್ಲಾಗ್ ನಡೆಸುವ ನಾವು ಪತ್ರಿಕೋದ್ಯಮ ಓದಿ ಊರ ಕಡೆಗೇ ಬಂದವರು. ಹೆಚ್ಚಿನವರು ಜಿಲ್ಲೆ, ತಾಲ್ಲೂಕಿನ ಸ್ಟ್ರಿಂಗರ್‌ಗಳು. ನಮ್ಮಲ್ಲಿ ಕೆಲವರಿಗೆ ಸುದ್ದಿಗಿಷ್ಟು ಅಂತ ಲೆಕ್ಕ. ಕೆಲವರಿಗೆ ತಿಂಗಳ ಗೌರವಧನ. ಕೆಲವರಿಗೆ ಐಡಿ ಕಾರ್ಡ್ ಮತ್ತು ಲೋಗೋ ಇರುವ ಮೈಕ್, ಅಷ್ಟೇ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಅಂದರೆ ನಾವು ಸ್ವಂತ ಬೈಕಿಗೆ ಸ್ವಂತ ಪೆಟ್ರೋಲ್ ಹಾಕಿಕೊಂಡು ಹೋಗುತ್ತೇವೆ. ಫೈನಲ್ ಮುಗಿಯುವುದು ಬೆಳಗಿನ ಜಾವ. ವಿಡಿಯೋ ಕಳಿಸಲು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುತ್ತೇವೆ. ಆ ರೇಡ್ ಲಕ್ಷಗಟ್ಟಲೆ ಜನ ನೋಡುತ್ತಾರೆ. ವಿಡಿಯೋ ಮೇಲೆ ಲೋಗೋ ಅವರದು, ಜಾಹೀರಾತಿನ ದುಡ್ಡೂ ಅವರದು. ನಮಗೆ ಡೆಸ್ಕಿನಿಂದ ವಾಟ್ಸಾಪ್‌ನಲ್ಲಿ ಒಂದು ಹೆಬ್ಬೆರಳು ಬರುತ್ತದೆ.

ವರ್ಷಕ್ಕೊಮ್ಮೆ ಪುರವಣಿ ಬಂದಾಗ ಜಾಹೀರಾತಿನ ಟಾರ್ಗೆಟ್ ಬೇರೆ. ನಿನ್ನೆ ಯಾರ ವಿರುದ್ಧ ಸುದ್ದಿ ಬರೆದೆವೋ ಇವತ್ತು ಅವರ ಬಾಗಿಲಲ್ಲೇ ನಿಂತು ಶುಭಾಶಯದ ಜಾಹೀರಾತು ಕೇಳಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ, ಊರಲ್ಲಿ ಮಾತ್ರ ನಾವು "ಮೀಡಿಯಾದವರು".

ಬ್ರಿಸ್ಟಲ್‌ನ ದೊಡ್ಡ ಕಟ್ಟಡಕ್ಕೂ ನಮ್ಮ ಬೈಕಿಗೂ ಹೋಲಿಕೆಯೇ ಅಂತ ನಗಬೇಡಿ. ಮೊತ್ತ ಬೇರೆ ಬೇರೆ. ಯಾರು ದುಡಿಯುತ್ತಾರೆ, ದುಡ್ಡು ಯಾರಿಗೆ ಹೋಗುತ್ತದೆ ಅನ್ನುವ ಲೆಕ್ಕ ಒಂದೇ.

ಬಾಯಿ ಬಿಟ್ಟರೆ ಏನಾಗುತ್ತದೆ

"ಕಷ್ಟ ಆದರೆ ಹೇಳಬಹುದಲ್ಲ" ಅನ್ನುವವರಿದ್ದಾರೆ. ಹೇಳಿದವರಿಗೆ ಏನಾಯಿತು ಅಂತ ನೋಡೋಣ.

ಎಸ್‌ಬಿ ನೇಷನ್ ಕಥೆ ಹೊರಗೆ ತಂದ ಡೆಡ್‌ಸ್ಪಿನ್ ಅನ್ನು 2019ರಲ್ಲಿ ಹೊಸ ಮಾಲೀಕರು ಕೊಂಡರು. ಅದೇ ಅಕ್ಟೋಬರ್‌ನಲ್ಲಿ ಆದೇಶ ಬಂತು, ಕ್ರೀಡೆ ಬಿಟ್ಟು ಬೇರೆ ಏನೂ ಬರೆಯಬೇಡಿ ಅಂತ. ಅದಕ್ಕೆ ಒಪ್ಪದ ಉಪ ಸಂಪಾದಕ ಬ್ಯಾರಿ ಪೆಚೆಸ್ಕಿ ಅವರನ್ನು ಕೆಲಸದಿಂದ ತೆಗೆದರು. ಕೆಲವೇ ದಿನದಲ್ಲಿ ಉಳಿದ ಸುಮಾರು 20 ಮಂದಿ ಬರಹಗಾರರು, ಸಂಪಾದಕರು ಒಬ್ಬರ ಹಿಂದೆ ಒಬ್ಬರು ರಾಜೀನಾಮೆ ಕೊಟ್ಟು ಎದ್ದು ಬಂದರು.

ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಕಥೆ ಇನ್ನೂ ಕೆಟ್ಟದ್ದು. 1954ರಲ್ಲಿ ಶುರುವಾದ, ಅಮೆರಿಕದ ಅತಿ ಹೆಸರುವಾಸಿ ಕ್ರೀಡಾ ಪತ್ರಿಕೆ. 2019ರಲ್ಲಿ ಅದರ ಹೆಸರನ್ನು ಒಂದು ಕಂಪನಿ ಕೊಂಡಿತು, ಪತ್ರಿಕೆ ನಡೆಸುವ ಗುತ್ತಿಗೆ ಇನ್ನೊಂದಕ್ಕೆ ಹೋಯಿತು. ಗುತ್ತಿಗೆ ಹಿಡಿದವರು ಬಂದ ಕೂಡಲೇ ಸಿಬ್ಬಂದಿಯಲ್ಲಿ ದೊಡ್ಡ ಪಾಲನ್ನು ತೆಗೆದರು. 2023ರ ನವೆಂಬರ್‌ನಲ್ಲಿ ಗೊತ್ತಾಗಿದ್ದೇನೆಂದರೆ, ಅದರ ಸೈಟಿನಲ್ಲಿ ವಸ್ತುಗಳ ವಿಮರ್ಶೆ ಬರೆದವರು ಅಂತ ಹಾಕಿದ್ದ ಕೆಲವು ಲೇಖಕರು ಭೂಮಿ ಮೇಲೆ ಇರಲೇ ಇಲ್ಲ. ಅವರ ಫೋಟೋ ಕಂಪ್ಯೂಟರ್ ಹುಟ್ಟಿಸಿದ್ದು. ಹೊರಗಿನ ಕಂಪನಿಯೊಂದು ಕೊಟ್ಟ ಬರಹ ಅವು, ಬರೆದದ್ದು ಮನುಷ್ಯರೇ ಅಂತ ಅವರು ಹೇಳಿದ್ದರು ಅಂತ ಆಡಳಿತ ಸಮಜಾಯಿಷಿ ಕೊಟ್ಟಿತು. ಎರಡು ತಿಂಗಳು ಕಳೆಯಿತು. 2024ರ ಜನವರಿಯಲ್ಲಿ ಗುತ್ತಿಗೆದಾರ ಕಂಪನಿ 37.5 ಲಕ್ಷ ಡಾಲರ್ ಕಂತು ಕಟ್ಟಲಿಲ್ಲ, ಗುತ್ತಿಗೆ ರದ್ದಾಯಿತು, ಸಿಬ್ಬಂದಿಗೆ ಕೆಲಸ ಹೋಗುವ ನೋಟಿಸ್ ಬಂತು. ಮಾರ್ಚ್‌ನಲ್ಲಿ ಬೇರೊಂದು ಕಂಪನಿ ವಹಿಸಿಕೊಂಡ ಮೇಲೆ ಪತ್ರಿಕೆ ಉಳಿಯಿತು. ಕಂತು ತಪ್ಪಿಸಿದ್ದು ಗುತ್ತಿಗೆದಾರ. ನೋಟಿಸ್ ಬಂದಿದ್ದು ಬರೆದವರಿಗೆ.

"ಕಲಿಯೋ ಹೊತ್ತಲ್ಲಿ ದುಡ್ಡು ಕೇಳಬಾರದು"

ಈ ಮಾತಿಗೂ ಉತ್ತರ ಕೊಡಬೇಕು, ಏಕೆಂದರೆ ಇದನ್ನು ಹೇಳುವವರಲ್ಲಿ ನಮ್ಮ ಹಿರಿಯ ವರದಿಗಾರರೂ ಇದ್ದಾರೆ. ಅವರು ಕಷ್ಟ ಪಟ್ಟು ಬಂದವರು, ಮನಸ್ಸಿನಿಂದ ಹೇಳುತ್ತಾರೆ. ಕಲಿಯುವವನು ಕಡಿಮೆ ಪಡೆಯಲಿ, ಒಪ್ಪುತ್ತೇವೆ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗನಿಗೂ ಸಂಜೆ ಕೈಗೆ ಇಷ್ಟು ಅಂತ ಕೊಡುತ್ತಾರೆ. ಮಧ್ಯಾಹ್ನ ಊಟ ಹಾಕುತ್ತಾರೆ. ಆದರೆ ಹತ್ತು ವರ್ಷ ಆದರೂ "ಕಲಿಯುತ್ತಿದ್ದಾನೆ" ಅಂದರೆ ಅದು ಕಲಿಕೆಯಲ್ಲ, ಬಿಟ್ಟಿ ಚಾಕರಿ.

ಇನ್ನೊಂದು ಮುಖ್ಯ ವಿಷಯ. ಬಿಟ್ಟಿ ಕೆಲಸ ಮಾಡಲು ಯಾರಿಂದ ಆಗುತ್ತದೆ? ಅಪ್ಪ ದುಡ್ಡು ಕಳಿಸುವವರಿಂದ. ನಗರದಲ್ಲಿ ಮನೆ ಇರುವವರಿಂದ. ಕೂಲಿ ಮಾಡಿ ಓದಿಸಿದ ತಾಯಿಯ ಮಗಳು ಎರಡು ವರ್ಷ ಬರೀ ಹೆಸರಿಗಾಗಿ ಬರೆಯುತ್ತ ಕೂರಲು ಆಗುವುದಿಲ್ಲ. ಅವಳು ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಖೋ ಖೋ ಆಡಿ ಬೆಳೆದವಳು, ಆಟ ಒಳಗಿನಿಂದ ಗೊತ್ತಿದ್ದವಳು ಹೊರಗೆ ಉಳಿಯುತ್ತಾಳೆ. ಆಮೇಲೆ ಅದೇ ಸಂಪಾದಕರು, "ಗ್ರಾಮೀಣ ಕ್ರೀಡೆ ಬಗ್ಗೆ ಬರೆಯೋರೇ ಇಲ್ಲ ನೋಡಿ" ಅಂತ ವೇದಿಕೆ ಮೇಲೆ ಮರುಗುತ್ತಾರೆ.

ಸೇವೆ ಯಾವುದು, ಕೂಲಿ ಯಾವುದು

ಪ್ರೀತಿಗೆ ಮಾಡುವ ಕೆಲಸವೇ ತಪ್ಪು ಅಂತ ನಾವು ಹೇಳುತ್ತಿಲ್ಲ. ಕ್ರಿಕ್‌ಇನ್ಫೋ ನಿಮ್ಮ ಫೋನಿನಲ್ಲೇ ಇದೆ. 1993ರಲ್ಲಿ ಅದನ್ನು ಶುರು ಮಾಡಿದವರು ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿದ್ದ ಬ್ರಿಟಿಷ್ ಸಂಶೋಧಕ ಸೈಮನ್ ಕಿಂಗ್. ಕಟ್ಟಿದವರು ದೇಶ ದೇಶದ ಸ್ವಯಂಸೇವಕರು. ದೂರ ದೇಶದಲ್ಲಿ ಸ್ಕೋರ್ ಸಿಗದೆ ಒದ್ದಾಡುತ್ತಿದ್ದ ವಿದ್ಯಾರ್ಥಿಗಳಿಗಾಗಿ ಅವರು ಸ್ಕೋರ್ ಟೈಪ್ ಮಾಡಿ ಕಳಿಸುತ್ತಿದ್ದರು. ಯಾರೂ ಲಾಭ ಮಾಡುತ್ತಿರಲಿಲ್ಲ, ಹಾಗಾಗಿ ಯಾರೂ ಕೂಲಿ ಕೇಳಲಿಲ್ಲ. ಅದು ಸೇವೆ. ಜಾತ್ರೆಯಲ್ಲಿ ತೇರು ಎಳೆಯುವಾಗ ಯಾರೂ ದಿನಗೂಲಿ ಕೇಳುವುದಿಲ್ಲ.

ಆಮೇಲೆ ಅದು ಕಂಪನಿಯಾಯಿತು. 2003ರಲ್ಲಿ ವಿಸ್ಡನ್, 2007ರಲ್ಲಿ ಇಎಸ್‌ಪಿಎನ್ ಕೊಂಡಿತು. ಇವತ್ತು ಬೆಂಗಳೂರಿನಲ್ಲೇ ಅದರ ಕಚೇರಿ ಇದೆ, ಸಂಬಳದ ಪತ್ರಕರ್ತರು ಇದ್ದಾರೆ. ಆಗಬೇಕಾದ್ದೂ ಹಾಗೆಯೇ. ನಮ್ಮ ಅಳತೆ ಇಷ್ಟೇ: ನಿಮ್ಮ ಕೆಲಸದಿಂದ ಯಾರಿಗೂ ಲಾಭ ಇಲ್ಲದಿದ್ದರೆ ಅದು ಸೇವೆ. ಒಬ್ಬರಿಗೆ ಲಾಭ ಬಂದ ದಿನದಿಂದ ಅದು ಕೂಲಿ, ನಿಮಗೂ ಪಾಲು ಬರಬೇಕು. ಊರ ಶಾಲೆ ಕ್ರೀಡಾಕೂಟಕ್ಕೆ ಮೈಕ್ ಹಿಡಿಯಿರಿ, ದುಡ್ಡು ಕೇಳಬೇಡಿ. ಟಿಕೆಟ್ ಇಟ್ಟು, ಸ್ಪಾನ್ಸರ್ ಹಿಡಿದು, ಯೂಟ್ಯೂಬ್‌ನಲ್ಲಿ ಲೈವ್ ಬಿಟ್ಟು ದುಡಿಯುವವರಿಗೆ ಬಿಟ್ಟಿ ಕಾಮೆಂಟರಿ ಹೇಳಬೇಡಿ.

ಡೈರಿ ಪಾಠ

ಡೆಡ್‌ಸ್ಪಿನ್ ಬಿಟ್ಟು ಬಂದವರು ಏನಾದರು ಗೊತ್ತೇ? ಅವರಲ್ಲಿ ಹೆಚ್ಚಿನವರು ಸೇರಿ 2020ರಲ್ಲಿ ಡಿಫೆಕ್ಟರ್ ಅಂತ ತಮ್ಮದೇ ಸೈಟ್ ಕಟ್ಟಿದರು. ಅಲ್ಲಿ ದುಡಿಯುವವರೇ ಮಾಲೀಕರು. ಆದಾಯದ ಬಹುಪಾಲು ಓದುಗರ ಚಂದಾದಿಂದ. ಮೊದಲ ವರ್ಷವೇ 30 ಲಕ್ಷ ಡಾಲರ್‌ಗೂ ಹೆಚ್ಚು ವರಮಾನ ಬಂತು. ಅವರು ಬಿಟ್ಟು ಬಂದ ಡೆಡ್‌ಸ್ಪಿನ್ ಅನ್ನು 2024ರ ಮಾರ್ಚ್‌ನಲ್ಲಿ ಮಾಲೀಕರು ಮಾರಿದರು, ಇದ್ದ ಸಿಬ್ಬಂದಿಯನ್ನೆಲ್ಲ ತೆಗೆದರು.

ಇದು ನಮಗೆ ಹೊಸ ವಿದ್ಯೆಯೇನಲ್ಲ. ಹಾಲು ಉತ್ಪಾದಕರ ಸಂಘ ಬರುವ ಮುಂಚೆ ಹಾಲಿಗೆ ರೇಟು ಕಟ್ಟುತ್ತಿದ್ದವನು ದಲ್ಲಾಳಿ. ಸಂಘ ಬಂದ ಮೇಲೆ ಅಳತೆ ಎದುರಿಗೇ ಆಯಿತು, ಪುಸ್ತಕದಲ್ಲಿ ಬರೆದರು, ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬಟವಾಡೆ ಬಂತು. ಸಂಘದಲ್ಲಿ ರಾಜಕೀಯ ಇಲ್ಲ ಅಂತಲ್ಲ. ಆದರೂ ಅಳತೆ, ಪುಸ್ತಕ, ಬಟವಾಡೆ ದಿನ ಈ ಮೂರೂ ಇದೆ. ಸ್ಟ್ರಿಂಗರ್‌ಗೆ ಈ ಮೂರರಲ್ಲಿ ಒಂದೂ ಇಲ್ಲ.

ಹಾಗಾಗಿ, ದೊಡ್ಡದೋ ಚಿಕ್ಕದೋ, ಯಾವುದೇ ಕ್ರೀಡಾ ಚಾನೆಲ್, ಆ್ಯಪ್, ಪೇಜ್ ನಿಮ್ಮನ್ನು "ಬಾ ಬರಿ, ಹೆಸರು ಬರುತ್ತೆ" ಅಂತ ಕರೆದರೆ ಮೊದಲು ಇಷ್ಟು ಕೇಳಿ. ಒಂದು ಸುದ್ದಿಗೆ, ಒಂದು ವಿಡಿಯೋಗೆ ಎಷ್ಟು? ಯಾವ ತಾರೀಖಿಗೆ ಕೈಗೆ ಬರುತ್ತದೆ? ಓಡಾಟದ ಖರ್ಚು ಯಾರದು? ನಾನು ತೆಗೆದ ವಿಡಿಯೋ ಮತ್ತೆ ಮತ್ತೆ ಹಾಕಿದರೆ ನನಗೇನು? ಕೆಲಸ ಬೇಡ ಅಂದಾಗ ಎಷ್ಟು ದಿನ ಮುಂಚೆ ಹೇಳುತ್ತೀರಿ? ಬಾಯಿಮಾತು ಬೇಡ, ಬರವಣಿಗೆಯಲ್ಲಿ ಕೊಡಿ ಅನ್ನಿ. ಕಡೇ ಪಕ್ಷ ವಾಟ್ಸಾಪ್ ಮೆಸೇಜಿನಲ್ಲಾದರೂ ಬರಲಿ, ಅದನ್ನು ಅಳಿಸಬೇಡಿ.

ಒಬ್ಬರೇ ಕೇಳಿದರೆ "ಇನ್ನೊಬ್ಬನನ್ನ ನೋಡ್ಕೋತೀವಿ" ಅಂತಾರೆ. ಅದಕ್ಕೇ ತಾಲ್ಲೂಕಿನ ಎಲ್ಲ ಸ್ಟ್ರಿಂಗರ್‌ಗಳೂ ಒಂದೇ ರೇಟು ಹೇಳಬೇಕು. ಪತ್ರಕರ್ತರ ಸಂಘದ ಮುಂದಿನ ಸಭೆಯಲ್ಲಿ ನಿವೇಶನದ ಮಾತು, ಬಸ್ ಪಾಸಿನ ಮಾತು ಮುಗಿದ ಮೇಲೆ ಇದನ್ನೂ ಎತ್ತಿ. ನಾವು ನಮ್ಮ ತಾಲ್ಲೂಕುಗಳಲ್ಲಿ ಎತ್ತುತ್ತೇವೆ. ನಿಮ್ಮಲ್ಲಿ ಏನಾಯಿತು ಅಂತ ಬರೆದು ಕಳಿಸಿ, ಹೆಸರು ಬೇಡ ಅಂದರೆ ಹೆಸರಿಲ್ಲದೇ ಹಾಕುತ್ತೇವೆ.